ಹಳೆಯ ಜಿಪ್ಸಿ ಕೊಳ್ಳುವ ಮುನ್ನ ಪರೀಕ್ಷಿಸುವ ಬಗೆ

1985ರ ಕೊನೆಯಲ್ಲಿ 970 ಸಿಸಿ ಎಂಜಿನ್‌ನೊಂದಿಗೆ ಬಂದ ಮಾರುತಿ ಜಿಪ್ಸಿ, ಒಂದು ಟನ್ನಿನ ಆಸುಪಾಸಿನ ಹಗುರ ಮೈಯಿಂದಾಗಿ ಕೆಸರು, ಮರಳು, ಕಡಿದಾದ ಏರುಗಳಲ್ಲಿ ಸಲೀಸಾಗಿ ಸಾಗುತ್ತಿದ್ದುದರಿಂದ ಸೇನೆ, ಪೊಲೀಸ್, ಅರಣ್ಯ ಇಲಾಖೆಗಳ ನೆಚ್ಚಿನ ವಾಹನವಾಯಿತು. 1996ರಲ್ಲಿ 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್ ಬಂದಿತು. ಆದರೆ ಖಾಸಗಿ ಗ್ರಾಹಕರು ಪೆಟ್ರೋಲ್ ಜಿಪ್ಸಿಯನ್ನು ಬಿಟ್ಟು ಡೀಸೆಲ್ ವಾಹನಗಳತ್ತ ವಾಲಿದರು. ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗಿನ ಕುಲುಕಾಟವನ್ನು ಸಹಿಸುವವರು ಕಡಿಮೆಯಾದರು. 2019ರಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ಕಡ್ಡಾಯವಾದಾಗ ಸಾರ್ವಜನಿಕ ಮಾರಾಟವೇ ನಿಂತಿತು. ಹಾಗಾಗಿ ಈಗ ಜಿಪ್ಸಿ ಬೇಕೆಂದರೆ ಹಳೆಯದನ್ನೇ ಹುಡುಕಬೇಕು.

ಹೊಸ ಬಣ್ಣಕ್ಕೂ ದಪ್ಪ ಟೈರಿಗೂ ಮರುಳಾಗದೆ ಮೊದಲು ವಾಹನದ ಅಡಿಗೆ ಹೋಗಿ ಭಾರ ಹೊರುವ ಉಕ್ಕಿನ ಚೌಕಟ್ಟಾದ ಚಾಸಿಯನ್ನು ನೋಡಬೇಕು. ಸ್ಪ್ರಿಂಗಿನ ಕೊಂಡಿಗಳು ಚಾಸಿಗೆ ಸೇರುವ ಜಾಗದಲ್ಲಿ ಕೆಸರು ನಿಂತು ತುಕ್ಕು ಹಿಡಿಯುತ್ತದೆ. ಅಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದಾಗ ತಗಡು ಪುಡಿಯಾದರೆ, ಅಥವಾ ದಪ್ಪ ವೆಲ್ಡಿಂಗಿನ ಮೇಲೆ ಕಪ್ಪು ಬಣ್ಣ ಬಳಿದಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ವಾಹನವನ್ನು ಬಿಟ್ಟುಬಿಡುವುದೇ ಲೇಸು. ಎಂಜಿನ್ನನ್ನು ಬಿಚ್ಚಿ ಸರಿಪಡಿಸಬಹುದು, ಆದರೆ ಕೊಳೆತ ಚಾಸಿಯನ್ನು ನಂಬಿ ಬೆಟ್ಟ ಹತ್ತಲಾಗದು.

ಅನಂತರ ಮುಂದಿನ ಚಕ್ರಗಳ ಒಳಬದಿಯಲ್ಲಿರುವ ಗುಂಡನೆಯ ನಕಲ್ ಭಾಗವನ್ನು (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು) ಬಟ್ಟೆಯಿಂದ ಒರೆಸಿ ನೋಡಬೇಕು. ದಪ್ಪ ಗ್ರೀಸಿನ ಬದಲು ತೆಳ್ಳಗಿನ ಎಣ್ಣೆ ಜಿನುಗುತ್ತಿದ್ದರೆ ಎಣ್ಣೆ ಸೋರದಂತೆ ತಡೆಯುವ ಆಕ್ಸಲ್ ಸೀಲ್ ಸವೆದು, ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆಯಾದ ಡಿಫರೆನ್ಷಿಯಲ್‌ನ ಆಯಿಲ್ ಹೊರಬರುತ್ತಿದೆ ಎಂದರ್ಥ. ಸ್ವಲ್ಪ ವೇಗ ಹೆಚ್ಚಿದೊಡನೆ ಸ್ಟೀರಿಂಗ್ ಜೋರಾಗಿ ನಡುಗಿದರೆ ಆ ಕೀಲನ್ನು ಹಿಡಿದಿಡುವ ಕಿಂಗ್‌ಪಿನ್ ಬೇರಿಂಗ್‌ಗಳನ್ನೂ ಪರೀಕ್ಷಿಸಬೇಕು.

ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಫೋರ್‌ವೀಲ್ ಡ್ರೈವನ್ನು ಡಾಂಬರು ರಸ್ತೆಯಲ್ಲಿ ಪರೀಕ್ಷಿಸಬಾರದು, ಏಕೆಂದರೆ ಮುಂದಿನ ಹಾಗೂ ಹಿಂದಿನ ಚಕ್ರಗಳ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಸೆಂಟರ್ ಡಿಫರೆನ್ಷಿಯಲ್ ಜಿಪ್ಸಿಯಲ್ಲಿ ಇಲ್ಲ. ತಿರುವಿನಲ್ಲಿ ಮುಂದಿನ ಹಾಗೂ ಹಿಂದಿನ ಚಕ್ರಗಳ ವೇಗ ಹೊಂದದೆ ಇಡೀ ವ್ಯವಸ್ಥೆ ಬಿಗಿದುಕೊಳ್ಳುತ್ತದೆ. ಸಡಿಲ ಮಣ್ಣಿನಲ್ಲಿ ಲೋ ರೇಂಜ್ (ನಿಧಾನ ವೇಗದಲ್ಲಿ ಹೆಚ್ಚು ಬಲ ಕೊಡುವ ಗೇರ್) ಹಾಕಿ ಏರಿನಲ್ಲಿ ನಿಧಾನವಾಗಿ ಹತ್ತಿಸಿ, ಮತ್ತೆ ಇಳಿಸಿ ನೋಡಬೇಕು. ಫೋರ್‌ವೀಲ್ ಡ್ರೈವಿನ ಲಿವರ್ ತಾನಾಗಿಯೇ ಜಾರಿ ಹೊರಬಂದರೆ, ಮುಂದಿನ ಹಾಗೂ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಸವೆದಿರಬಹುದು.

ಕೊನೆಗೆ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಆರ್‌ಸಿಯೊಂದಿಗೆ ತಾಳೆ ನೋಡಬೇಕು. 15 ವರ್ಷ ದಾಟಿದ ಖಾಸಗಿ ವಾಹನಕ್ಕೆ ಫಿಟ್‌ನೆಸ್ ಪರೀಕ್ಷೆಯೊಂದಿಗೆ ಮರುನೋಂದಣಿ ಆಗಿರಬೇಕು. ಸೇನೆಯ ಹರಾಜಿನಲ್ಲಿ ಬಂದ ಜಿಪ್ಸಿಯಾದರೆ, ಹರಾಜಿನ ಮೂಲ ಪತ್ರಗಳನ್ನು ಕಣ್ಣಾರೆ ಕಂಡು, ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಮುಂಗಡ ಕೊಡಬೇಕು.