ಕೂಸು ಕಣ್ಣು ಬಿಟ್ಟ ಮೇಲೆ

ಜೀವ ಹುಟ್ಟಿಸಿದವರು ಅದು ಕಣ್ಣು ಬಿಟ್ಟ ಕೂಡಲೇ ಏನು ಮಾಡುತ್ತಾರೆ? ನನ್ನ ಕಿರುಚಿತ್ರ ಬರೆಯುವಾಗ ತಲೆಯಲ್ಲಿ ಇದ್ದದ್ದು ಇದೊಂದೇ. ವಿಜ್ಞಾನದ ಹಾರರ್ ಸಿನಿಮಾಗಳ ನಿಜವಾದ ಭಯ ಅಲ್ಲೇ ಇದೆ ಅಂತ ನಂಬಿದ್ದೇನೆ. ರಕ್ತ, ಹಲ್ಲು ಎಲ್ಲ ಆಮೇಲಿನ ಮಾತು.

ಮೇರಿ ಶೆಲ್ಲಿಯ 1818ರ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯಲ್ಲಿ ವಿಜ್ಞಾನಿ ವಿಕ್ಟರ್ ಕೋಣೆ ಬಿಟ್ಟು ಓಡುತ್ತಾನೆ. ತಾನೇ ಮಾಡಿದ ಜೀವಕ್ಕೆ ಒಂದು ಹೆಸರೂ ಇಡುವುದಿಲ್ಲ. ಮೇರಿ ಹುಟ್ಟಿದ ಕೆಲವೇ ದಿನಕ್ಕೆ ಅವಳ ತಾಯಿ ತೀರಿಕೊಂಡಿದ್ದರು. 1815ರಲ್ಲಿ ಅವಳ ಮೊದಲ ಕೂಸೂ ಹೋಯಿತು. ಇದು ಗೊತ್ತಾದ ಮೇಲೆ ಆ ಓಟವನ್ನು ಸುಮ್ನೆ ಓದಿಕೊಂಡು ಹೋಗಲು ಆಗಲ್ಲ. 1979ರ 'ಏಲಿಯನ್' ಸಿನಿಮಾದಲ್ಲಿ ಅನ್ಯಗ್ರಹದ ಜೀವಿಯ ಮರಿ ಹುಟ್ಟುವುದು ಗಂಡಸಿನ ಎದೆ ಸೀಳಿಕೊಂಡು. ಬಾಹ್ಯಾಕಾಶ ನೌಕೆಯ ಕಂಪ್ಯೂಟರಿಗೆ 'ಮದರ್' ಅಂತ ಹೆಸರು. ಸಿಬ್ಬಂದಿ ಸತ್ತರೂ ಪರವಾಗಿಲ್ಲ ಅನ್ನುವ ಆದೇಶ ಇರುವುದೂ ಅದರಲ್ಲೇ. ಅದರ ಮುಂದಿನ ಭಾಗ, 1986ರ 'ಏಲಿಯನ್ಸ್'ನಲ್ಲಿ ಅನಾಥ ಹುಡುಗಿಗಾಗಿ ನಾಯಕಿ ರಿಪ್ಲಿ, ಮೊಟ್ಟೆಗಳಿಗಾಗಿ ಆ ಜೀವಿಗಳ ರಾಣಿ, ಇಬ್ಬರೂ ತಾಯಂದಿರಾಗಿಯೇ ಎದುರಾಗುತ್ತಾರೆ.

ನನ್ನ ಕಥೆ ನಡೆಯುವುದು ಸೋಮವಾರಪೇಟೆ ಕಡೆಯ ಕಾಫಿ ತೋಟದಲ್ಲಿ. ನಿವೃತ್ತ ಸಸ್ಯವಿಜ್ಞಾನಿಯೊಬ್ಬಳು ಗೋದಾಮಿನಲ್ಲಿ ಕೂಸೊಂದನ್ನು ಬೆಳೆಸುತ್ತಾಳೆ. ಆ ಕೂಸಿನ ಬೊಂಬೆ ಮಾಡಲು ಸಿಲಿಕೋನಿಗೆ ದುಡ್ಡಿರಲಿಲ್ಲ. ಸಂಪಾಜೆ ಕಡೆಯಿಂದ ರಬ್ಬರ್ ಹಾಲು ತರಿಸಿದೆ. ಮಣ್ಣಿನ ಅಚ್ಚಿನ ಮೇಲೆ ಹತ್ತಿ ಇಟ್ಟು, ಹಾಲು ಬಳಿದು, ಪದರ ಪದರವಾಗಿ ಚರ್ಮ ಮಾಡಿದೆ. ಮಳೆಗಾಲ ಅಲ್ವಾ, ಒಂದು ಪದರವೂ ಬೇಗ ಒಣಗುತ್ತಿರಲಿಲ್ಲ. ಬಚ್ಚಲ ಒಲೆಯಿಂದ ಸ್ವಲ್ಪ ದೂರದಲ್ಲಿ ತೂಗುಹಾಕಿ ಒಣಗಿಸಿದೆ. ಎದೆಯೊಳಗೆ ಬಲೂನು. ಅದಕ್ಕೆ ಸಣ್ಣ ಪೈಪಿನಲ್ಲಿ ಬಿಪಿ ನೋಡುವ ಯಂತ್ರದ ರಬ್ಬರ್ ಪಂಪು. ಮೆಲ್ಲಗೆ ಹಿಸುಕಿದರೆ ಎದೆ ಏರುತ್ತದೆ, ವಾಲ್ವ್ ಸಡಿಲಿಸಿದರೆ ಇಳಿಯುತ್ತದೆ. ಮೈಮೇಲಿನ ಪಸೆಗೆ ದಾಸವಾಳದ ಎಲೆ ಕಿವುಚಿದ ಲೋಳೆ. ಅದು ಬೆಳಕಿಗೆ ಹೊಳೆಯುವ ರೀತಿ ನನಗೆ ಬಹಳ ಇಷ್ಟವಾಯಿತು.

ವಿಜ್ಞಾನಿಯ ಪಾತ್ರ ಮಾಡಿದ್ದು ನಮ್ಮೂರಿನ ಅಂಗನವಾಡಿ ಅಕ್ಕ. ಕೂಸು ಉಸಿರೆಳೆದಾಗ ಅವರು ಬಾಗಿಲ ಹತ್ತಿರವೇ ನಿಲ್ಲಬೇಕು ಅಂತ ಬರೆದಿದ್ದೆ. ಅವರು ಕೇಳಿದರು: "ಅಲ್ಲಪ್ಪಾ, ಹುಟ್ಟಿದ ಕೂಸಿನ ಬಾಯಿ ಒರೆಸದೆ ಯಾರಾದ್ರೂ ನಿಂತು ನೋಡ್ತಾರಾ?"

"ಹಾಗಾದ್ರೆ ನಿಮಗೆ ತೋಚಿದ ಹಾಗೆ ಮಾಡಿ ಅಕ್ಕಾ" ಅಂದೆ.

ಅವರು ಸೆರಗಿನ ತುದಿಯನ್ನು ಕಿರುಬೆರಳಿಗೆ ಸುತ್ತಿಕೊಂಡು ರಬ್ಬರ್ ತುಟಿಯೊಳಗಿನ ಲೋಳೆ ತೆಗೆದರು. ಆಮೇಲೆ ಮೂಗು. ಪಂಪು ಹಿಡಿದಿದ್ದ ನನ್ನ ಕೈಯೇ ನಡುಗಿತು. ಓಡಿಹೋಗುವ ವಿಕ್ಟರನಿಗಿಂತ ಇದು ಜಾಸ್ತಿ ಹೆದರಿಸುತ್ತದೆ. ಬಾಯಿ ಒರೆಸಿದವಳು ಅದನ್ನು ಇನ್ನು ಬಿಡುವುದಿಲ್ಲ, ಅದು ಏನೇ ಮಾಡಿದರೂ. ಹಾಗಾಗಿ ಕೊನೆಯ ದೃಶ್ಯ ಬದಲಾಯಿಸಿದೆ. ಜನ ಹುಡುಕಿಕೊಂಡು ಬಂದಾಗ ಅವಳು ಗೋದಾಮಿನ ಚಿಲಕವನ್ನು ಒಳಗಿನಿಂದ ಹಾಕಿಕೊಳ್ಳುತ್ತಾಳೆ.

ಊರಿನಲ್ಲಿ ತೋರಿಸಿದಾಗ ಹೆಂಗಸರು ಆ ಚಿಲಕದ ಬಗ್ಗೆ ತುಂಬಾ ಹೊತ್ತು ವಾದ ಮಾಡಿದರು. ಅವರಲ್ಲೊಬ್ಬರು "ಇದಕ್ಕೆ ಅಪ್ಪ ಯಾರೂ ಇಲ್ವಾ?" ಅಂತ ಕೇಳಿದರು. ಈಗ ಬರೆಯುತ್ತಿರುವುದು ಆ ಅಪ್ಪನ ಕಥೆಯನ್ನೇ.