ಕೋಡ್ ಕೊಳ್ಳದೆ ಸ್ಪ್ಯಾನಿಷ್ ಹೋಂವರ್ಕ್: ನನ್ನ ಅನುಭವ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಸ್ಪ್ಯಾನಿಷ್ ಆರಂಭಿಕ ತರಗತಿಗಳ ಒಬ್ಬ ವಿದ್ಯಾರ್ಥಿಯೂ ಹೋಂವರ್ಕ್‌ಗಾಗಿ ದುಡ್ಡು ಕೊಡಲಿಲ್ಲ. ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಭಾಷೆ ಕಲಿಸುವವರಿಗೆ ಇದು ಎಷ್ಟು ದೊಡ್ಡ ಮಾತೆಂದು ಗೊತ್ತಿರುತ್ತದೆ. ಮೊದಲು ಪ್ರಕಾಶಕರ ಆನ್‌ಲೈನ್ ಅಭ್ಯಾಸಕ್ಕೆ ತಲಾ ನೂರಿಪ್ಪತ್ತು ಡಾಲರ್ ಹತ್ತಿರ ತೆರಬೇಕಿತ್ತು. ಪುಸ್ತಕವಾದರೆ ಹಳೆಯದು ಸಿಗುತ್ತದೆ, ಆ ಅಭ್ಯಾಸ ತೆರೆಯುವ ಕೋಡ್ ಒಮ್ಮೆ ಬಳಸಿದರೆ ಮುಗಿಯಿತು. ವರ್ಷಕ್ಕೆ ಸುಮಾರು ನಾನೂರು ಮಂದಿ ಸೇರುತ್ತಾರೆ, ಅಂದರೆ ಹೆಚ್ಚುಕಡಿಮೆ ಐವತ್ತು ಸಾವಿರ ಡಾಲರ್. ಅದರ ಬದಲು ಅಭ್ಯಾಸಗಳನ್ನು ನಾವೇ ಬರೆದು ಉಚಿತವಾಗಿ ಕೊಡೋಣವೆಂದೆವು. "ಬಿಟ್ಟಿ ಕೆಲಸ, ಆರು ತಿಂಗಳಲ್ಲಿ ಎಲ್ಲರೂ ಕೈಬಿಡುತ್ತಾರೆ" ಎಂದು ವಿಭಾಗದ ಹಿರಿಯರೇ ಹೇಳಿದ್ದರು. ಮೂರು ಕಾಲೇಜುಗಳ ಏಳೆಂಟು ಬೋಧಕರು, ಅದರಲ್ಲೂ ಹೆಚ್ಚಿನವರು ಅರೆಕಾಲಿಕರು, ಮಾಡಿ ತೋರಿಸಿದ್ದೇವೆ.

ಇದಕ್ಕೂ ಮೊದಲು ನಡೆದ ಪ್ರಯತ್ನಗಳು ಒಂದೇ ರೀತಿಯಲ್ಲಿ ಸತ್ತವು. ಎಲ್ಲರೂ ತಮ್ಮ ತಮ್ಮ ಹಾಳೆಗಳನ್ನು ಒಂದು ಫೋಲ್ಡರ್‌ಗೆ ಸುರಿಯುವುದು, ಯಾರೂ ಇನ್ನೊಬ್ಬರದನ್ನು ಬಳಸದಿರುವುದು. ಅರ್ಧದಷ್ಟು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅವು ಬರೀ ಚಿತ್ರ, ಒಂದಕ್ಷರವೂ ಕೇಳಿಸುವುದಿಲ್ಲ. ಈ ಸಲ ನಾನು ಪಟ್ಟು ಹಿಡಿದದ್ದು ಒಂದೇ ನಿಯಮಕ್ಕೆ: ಒಬ್ಬರು ಬರೆದ ಅಭ್ಯಾಸವನ್ನು ಇನ್ನೊಬ್ಬರು ಮೌಸ್ ಮುಟ್ಟದೆ, ಕೀಲಿಮಣೆಯೊಂದರಿಂದಲೇ ಮಾಡಿ ಮುಗಿಸಬೇಕು. ಆಮೇಲೆ ಪರದೆ ಆರಿಸಿ, ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಂಡು, ಕಿವಿಯಿಂದಲೇ ಇನ್ನೊಮ್ಮೆ ಮಾಡಬೇಕು. ಎರಡರಲ್ಲಿ ಒಂದು ಆಗದಿದ್ದರೂ ಅದು ಭಂಡಾರಕ್ಕೆ ಸೇರುವುದಿಲ್ಲ, ಬರೆದವರು ಎಷ್ಟೇ ದೊಡ್ಡವರಿರಲಿ. ಮೊದಲ ತಿಂಗಳು ಮುಕ್ಕಾಲು ಪಾಲು ಅಭ್ಯಾಸಗಳು ಹಿಂದಿರುಗಿದವು. ಎಳೆದು ತಂದು ಹೊಂದಿಸುವ ಅಭ್ಯಾಸಗಳೆಲ್ಲ ಹೋದವು, ಅವುಗಳ ಜಾಗದಲ್ಲಿ ಇಳಿಪಟ್ಟಿಯಿಂದ ಆರಿಸುವ ‘ಹೊಂದಿಸಿ ಬರೆಯಿರಿ’ ಬಂತು. ಪುಲ್ಲಿಂಗಕ್ಕೆ ನೀಲಿ, ಸ್ತ್ರೀಲಿಂಗಕ್ಕೆ ಕೆಂಪು ಬಣ್ಣ ಹಚ್ಚುವ ನಮ್ಮೆಲ್ಲರ ಹಳೆಯ ಚಟವೂ ಹೋಯಿತು. ಬಣ್ಣವೊಂದರಿಂದಲೇ ಅರ್ಥ ತಿಳಿಸಬಾರದೆಂದು ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತೆ ಮಾಡುವ ಮಾರ್ಗಸೂಚಿ ಡಬ್ಲ್ಯುಸಿಎಜಿ ಮೊದಲಿನಿಂದಲೂ ಹೇಳುತ್ತಿದೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಸಾರ್ವಜನಿಕ ಕಾಲೇಜುಗಳ ವೆಬ್ ಸಾಮಗ್ರಿಗೆ ಅದರ 2.1ನೆಯ ಆವೃತ್ತಿಯ ಎಎ (ನಡುವಿನ) ಮಟ್ಟವನ್ನೇ ನಿಯಮ ಮಾಡಿತು. ಅಷ್ಟರಲ್ಲಿ ನಮ್ಮ ಬಹುಪಾಲು ಕೆಲಸ ಮುಗಿದಿತ್ತು, ಉಳಿದ ವಿಭಾಗಗಳು ಆಗ ನಮ್ಮ ಬಾಗಿಲಿಗೆ ಬಂದವು.

ಭಾಷಾ ತರಗತಿಗೇ ವಿಶೇಷವಾದ ತೊಡಕು ಭಾಷೆಯ ಗುರುತು, ಅಂದರೆ ಇದು ಯಾವ ಭಾಷೆಯೆಂದು ಯಂತ್ರಕ್ಕೆ ತಿಳಿಸುವ ಸೂಚನೆ. ಪುಟದ ಭಾಷೆ ಇಂಗ್ಲಿಷ್ ಎಂದಿದ್ದರೆ ಸ್ಕ್ರೀನ್ ರೀಡರ್ ಸ್ಪ್ಯಾನಿಷ್ ವಾಕ್ಯವನ್ನೂ ಇಂಗ್ಲಿಷ್ ಉಚ್ಚಾರದಲ್ಲೇ ಓದುತ್ತದೆ. ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿ ಒಂದು ಇಡೀ ಅಧ್ಯಾಯವನ್ನು ಹಾಗೆಯೇ ಕೇಳಿ, ಆ ಉಚ್ಚಾರವನ್ನೇ ಕಲಿತು ಬಂದಿದ್ದಳು. ಅದನ್ನು ತಿದ್ದಲು ಅವಳಿಗೆ ಹಿಡಿದ ಸಮಯ ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಈಗ ಪ್ರತಿ ಸ್ಪ್ಯಾನಿಷ್ ತುಣುಕಿಗೂ, ಸೂಚನೆಯ ನಡುವೆ ಬರುವ ಒಂಟಿ ಪದಕ್ಕೂ, ಭಾಷೆಯ ಗುರುತು ಇರುತ್ತದೆ. ‘ಬಿಟ್ಟ ಸ್ಥಳ ತುಂಬಿ’ಯಲ್ಲಿ ಇನ್ನೊಂದು ಸಮಸ್ಯೆ. ವಾಕ್ಯದ ನಡುವೆ ಉತ್ತರದ ಚೌಕ ಇಟ್ಟರೆ, ಕೀಲಿಮಣೆಯಿಂದ ನೇರ ಅಲ್ಲಿಗೆ ಜಿಗಿದವರಿಗೆ ಹಿಂದಿನ ಮುಂದಿನ ಮಾತು ಕೇಳಿಸುವುದೇ ಇಲ್ಲ. ಇಡೀ ವಾಕ್ಯವನ್ನು ಚೌಕದ ಲೇಬಲ್‌ಗೆ (ಅಲ್ಲಿಗೆ ಹೋದಾಗ ಸ್ಕ್ರೀನ್ ರೀಡರ್ ಓದುವ ಹೆಸರಿಗೆ) ಕಟ್ಟಿದ ಮೇಲೆ ಸರಿಹೋಯಿತು.

ಚಿತ್ರಗಳು ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದವು. ಹುಡುಗಿ ಸೇಬು ತಿನ್ನುವ ಚಿತ್ರ ಕೊಟ್ಟು ಸ್ಪ್ಯಾನಿಷ್‌ನಲ್ಲಿ ಹೇಳಿ ಎನ್ನುತ್ತೇವೆ. ಚಿತ್ರದ ವಿವರಣೆಯನ್ನು ಸ್ಪ್ಯಾನಿಷ್‌ನಲ್ಲಿ ಬರೆದರೆ ಉತ್ತರವನ್ನೇ ಕೊಟ್ಟಂತೆ. ಇಂಗ್ಲಿಷ್‌ನಲ್ಲಿ ಬರೆದರೆ ಕಣ್ಣು ಕಾಣುವವರದು ವರ್ಣನೆ, ಕಾಣದವರದು ಅನುವಾದ. ಎರಡು ಬೇರೆ ಪರೀಕ್ಷೆಗಳು. ತಿಂಗಳುಗಟ್ಟಲೆ ವಾದ ನಡೆಯಿತು. ಕೊನೆಗೆ ಆ ಅಧ್ಯಾಯಗಳಿಂದ ಚಿತ್ರವನ್ನೇ ಕಿತ್ತುಹಾಕಿ ಎಲ್ಲರಿಗೂ ಹತ್ತು ಸೆಕೆಂಡಿನ ಶಬ್ದದೃಶ್ಯ ಕೊಟ್ಟೆವು: ಬಾಗಿಲು ತೆರೆಯುವ ಸದ್ದು, ನೀರು ಸುರಿಯುವುದು, ಯಾರೋ ಓಡುವುದು. ಕಿವಿ ಕೇಳದವರಿಗೆ ಆ ಸದ್ದುಗಳನ್ನೇ ಇಂಗ್ಲಿಷ್ ಅಡಿಬರಹದಲ್ಲಿ ಹೇಳುತ್ತೇವೆ: ‘ಕದ ಕಿರ್ರೆಂದಿತು’ ಎಂಬಂತೆ. ಹೇಳಬೇಕಾದ ಕ್ರಿಯೆಯನ್ನು ಹೆಸರಿಸುವುದಿಲ್ಲ. ಪೂರ್ತಿ ಸಮಾಧಾನ ನನಗಿನ್ನೂ ಆಗಿಲ್ಲ. ಆದರೂ ತರಗತಿಯಲ್ಲಿ ಹಿಂದಿಗಿಂತ ಉದ್ದನೆಯ ವಾಕ್ಯಗಳು ಬರುತ್ತಿವೆ, ಅದನ್ನು ನಾನೇ ಕಂಡಿದ್ದೇನೆ.

ತಾನಾಗಿ ಅಂಕ ಕೊಡುವ ವ್ಯವಸ್ಥೆ ನಮ್ಮಂಥವರಿಂದ ಆಗದೆಂದು ಎಲ್ಲರೂ ಹೇಳಿದ್ದರು. ನಿಜವಾದ ಕಷ್ಟ ಇದ್ದದ್ದು ಸ್ಪ್ಯಾನಿಷ್ ಅಕ್ಷರದ ಮೇಲಿನ ಒತ್ತುಗೆರೆಯಲ್ಲಿ (á, ó ಗಳಲ್ಲಿರುವಂಥದ್ದು). ಸರಿಯಾದ ಉತ್ತರ ಬರೆದವರಿಗೂ ಸೊನ್ನೆ ಬೀಳುತ್ತಿತ್ತು. ಕನ್ನಡದಲ್ಲಿ ‘ಕೊ’ ಬರೆಯುವಾಗ ಸ್ವರಚಿಹ್ನೆಯನ್ನು ಯುನಿಕೋಡ್‌ನ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಇಡಬಹುದಲ್ಲ, ಒತ್ತುಗೆರೆಯ ಸ್ವರಗಳದ್ದೂ ಅದೇ ಕಥೆ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಪ್ರಶ್ನೆಯ ಕಡತ ತಯಾರಾಗುವಾಗಲೇ ಎರಡೂ ರೂಪಗಳನ್ನು ಉತ್ತರಪಟ್ಟಿಗೆ ಸೇರಿಸುವ ಸಣ್ಣ ಸ್ಕ್ರಿಪ್ಟ್ ಬರೆದೆ; ಒಂದು ಸಂಜೆಯ ಕೆಲಸ, ನೂರಾರು ದೂರುಗಳು ನಿಂತವು. ಕಡತವನ್ನು ಕ್ಯೂಟಿಐ ಎಂಬ ಪ್ರಶ್ನೆಗಳ ಸಾಮಾನ್ಯ ರೂಪದಲ್ಲಿ ಇಟ್ಟಿರುವುದರಿಂದ ಕ್ಯಾನ್ವಾಸ್ ಎಂಬ ಕಲಿಕಾ ತಾಣಕ್ಕೂ ಒಯ್ಯಬಹುದು, ಬೇರೆ ಕಡೆಗೂ ಒಯ್ಯಬಹುದು. ಒತ್ತುಗೆರೆ ಬಿಟ್ಟವರಿಗೆ ಮೊದಲ ಅಧ್ಯಾಯಗಳಲ್ಲಿ ಅರ್ಧ ಅಂಕ. ಭೂತಕಾಲಕ್ಕೆ ಬಂದ ಮೇಲೆ ಆ ರಿಯಾಯಿತಿ ಇಲ್ಲ. ‘ನಾನು ಮಾತನಾಡುತ್ತೇನೆ’ ಎಂಬುದಕ್ಕೂ ‘ಅವನು ಮಾತನಾಡಿದನು’ ಎಂಬುದಕ್ಕೂ ಅಲ್ಲಿ ಆ ಗೆರೆಯೊಂದೇ ವ್ಯತ್ಯಾಸ.

ಸ್ಪ್ಯಾನಿಷ್‌ನ ಎರಡು ಭೂತಕಾಲಗಳನ್ನು (ಮುಗಿದ ಕ್ರಿಯೆಯದು, ನಡೆಯುತ್ತಿದ್ದ ಕ್ರಿಯೆಯದು) ಬೇರ್ಪಡಿಸುವ ಪ್ರಶ್ನೆಗಳಿಗೆ ತಪ್ಪು ಆಯ್ಕೆಗಳನ್ನು ನಾವು ಹೇಗೆ ಕಟ್ಟುತ್ತೇವೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಊಹೆಯಿಂದ ಅಂಕ ಗಿಟ್ಟಿಸುವುದು ಅದರಿಂದಲೇ ತಗ್ಗಿದೆ, ವಿದ್ಯಾರ್ಥಿಗಳು ಓದಿದರೆ ಕೆಲಸ ಕೆಡುತ್ತದೆ. ಬೋಧಕರು ಎದುರಿಗೆ ಸಿಕ್ಕರೆ ಖಂಡಿತ ಹೇಳುತ್ತೇನೆ.

ಹಣದ ವಿಷಯ. ಕಾಲೇಜಿನಿಂದ ಸಿಕ್ಕ ಅನುದಾನ ಆರು ಸಾವಿರ ಡಾಲರ್ ಇರಬೇಕು. ಬೋಧಕರು ಹಂಚಿಕೊಂಡರೆ ತಲಾ ಏಳೆಂಟು ನೂರು, ಯಾರಿಗೂ ಸಾಲದು. ಅದರ ಬದಲು ದೊಡ್ಡ ಪಾಲನ್ನು ಪರೀಕ್ಷಿಸುವವರಿಗೆ ಕೊಟ್ಟೆವು: ಕಣ್ಣು ಕಾಣದ ಆ ವಿದ್ಯಾರ್ಥಿನಿಗೆ, ಮನೆಯಲ್ಲಿ ಸ್ಪ್ಯಾನಿಷ್ ಆಡುವ ಇನ್ನಿಬ್ಬರಿಗೆ, ಗಂಟೆಯ ಲೆಕ್ಕದಲ್ಲಿ. ಉಳಿದದ್ದು ಅಡಿಬರಹ ತಿದ್ದುವುದಕ್ಕೆ ಹೋಯಿತು. ತಂತ್ರಾಂಶಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. ಎನ್‌ವಿಡಿಎ ಉಚಿತ, ಧ್ವನಿಗೆ ಬಳಸಿದ ಆಡಾಸಿಟಿಯೂ ಉಚಿತ. ಮೂರು ತಿಂಗಳು ಕೆಲಸ ನಿಂತದ್ದು ಪರವಾನಗಿಯ ಗೊಂದಲದಿಂದ. ಒಬ್ಬರ ಸಾಮಗ್ರಿ ಕ್ರಿಯೇಟಿವ್ ಕಾಮನ್ಸ್‌ನ (ಇತರರು ಬಳಸಲು ಬಿಡುವ ಸಿದ್ಧ ಪರವಾನಗಿಗಳು) ವಾಣಿಜ್ಯೇತರ, ಅದೇ ಷರತ್ತಿನ ಹಂಚಿಕೆಯ ಪರವಾನಗಿಯದು. ಇನ್ನೊಬ್ಬರದು ವಾಣಿಜ್ಯ ನಿರ್ಬಂಧವಿಲ್ಲದ, ಅದೇ ಷರತ್ತಿನ ಹಂಚಿಕೆಯದು. ಬೆರೆಸಿದ್ದನ್ನು ತನ್ನದೇ ಪರವಾನಗಿಯಲ್ಲಿ ಹಂಚಬೇಕೆಂದು ಎರಡೂ ಹೇಳುವುದರಿಂದ, ಇವೆರಡನ್ನು ಬೆರೆಸಿ ಒಂದೇ ಪಾಠ ಮಾಡಲು ಬರುವುದಿಲ್ಲ. ಹೊಸದಾಗಿ ಬರೆಯುವುದೆಲ್ಲ ಹೆಸರು ಹೇಳಿದರೆ ಸಾಕೆನ್ನುವ ಪರವಾನಗಿಯಲ್ಲೇ ಇರಬೇಕೆಂದು ತೀರ್ಮಾನಿಸಿ, ಹಳೆಯದರಲ್ಲಿ ಮೂರನೆಯ ಒಂದು ಭಾಗವನ್ನು ಎಸೆದು ಮತ್ತೆ ಬರೆದೆವು.

ನಡುವೆ ಧ್ವನಿಯ ಜೊತೆ ಒಂದು ಪ್ರಯೋಗ ಮಾಡಿದೆ. ಒಂದೇ ಸಂಭಾಷಣೆಯನ್ನು ಅರ್ಜೆಂಟೀನಾ, ಮೆಕ್ಸಿಕೊ, ಸ್ಪೇನ್ ಮೂಲದ ಸಹೋದ್ಯೋಗಿಗಳಿಂದ ಓದಿಸಿ, ವಾರಕ್ಕೊಂದು ಬದಲಾಯಿಸಿದೆ. ಮೊದಲ ವಾರಗಳಲ್ಲಿ ಅಂಕ ಇಳಿದವು, ಪೋಷಕರಿಂದಲೂ ಒಂದು ಪತ್ರ ಬಂತು. ಸೆಮಿಸ್ಟರ್ ಕೊನೆಯ ಹೊತ್ತಿಗೆ ಅರ್ಜೆಂಟೀನಾದವರು ‘ನೀನು’ ಎನ್ನಲು ಬಳಸುವ ‘ವೋಸ್’ ಕೇಳಿದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಈ ವರ್ಷ ಎರಡನೆಯ ಅಧ್ಯಾಯದಿಂದಲೇ ಇದನ್ನು ಇಟ್ಟಿದ್ದೇವೆ.

ಮಾತನಾಡುವ ಹೋಂವರ್ಕ್ ಮಾತ್ರ ಯಂತ್ರಕ್ಕೆ ಬಿಟ್ಟಿಲ್ಲ. ಒಂದು ನಿಮಿಷದ ಧ್ವನಿಮುದ್ರಣ, ಕೇಳುವುದು ಬೋಧಕರೇ. ಮೂವತ್ತು ಮಂದಿಯ ತರಗತಿಗೆ ವಾರಕ್ಕೆ ಒಂದು ಗಂಟೆ ಹಿಡಿಯುತ್ತದೆ. ಕೋಡ್ ಕೊಳ್ಳುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿಗಳ ಮಾತು ಇಷ್ಟು ಕೇಳಿದ್ದೇ ಇಲ್ಲ ಎಂದು ಗುಂಪಿನ ಎಲ್ಲರೂ ಹೇಳುತ್ತಾರೆ, ಆ ಗಂಟೆ ಬಿಟ್ಟುಕೊಡಲು ಯಾರೂ ತಯಾರಿಲ್ಲ.