ಕೊಳಕುಮಂಡಲ, ಗರಗಸಮಂಡಲ ಮತ್ತು ಗಿಡದ ಸಾರ: ಹೆಪ್ಪಿನ ಪರೀಕ್ಷೆಯಲ್ಲಿ ನನ್ನ ಅನುಭವ

ಗಿಡದ ಸಾರ ಬೆರೆಸಿ, ರಕ್ತವನ್ನು ಬೇಗ ಹೆಪ್ಪುಗಟ್ಟಿಸುವ ಕೊಳಕುಮಂಡಲ ಹಾವಿನ ವಿಷ ಹಾಕಿ, ಪ್ಲಾಸ್ಮಾ (ಕಣಗಳನ್ನು ತೆಗೆದ ರಕ್ತದ ದ್ರವ) ತಡವಾಗಿ ಹೆಪ್ಪುಗಟ್ಟಿತು ಅಂತ ಗ್ರಾಫ್ ತೋರಿಸುವುದು ಯಾರ ಕೈಯಲ್ಲಾದರೂ ಆಗುತ್ತದೆ. ಸಾರ ನಿಜಕ್ಕೂ ವಿಷದ ಕಿಣ್ವವನ್ನು ಹಿಡಿಯಿತೋ, ಇಲ್ಲ ಟ್ಯೂಬಿನೊಳಗೆ ಬೇರೇನೋ ಕಿತಾಪತಿ ನಡೆಯಿತೋ ಎಂದು ಬಿಡಿಸಿ ಹೇಳುವುದರಲ್ಲಿ ತಲೆಗೂದಲು ಬೆಳ್ಳಗಾಗುತ್ತದೆ. ಶುದ್ಧ ಮಾಡದ ವಿಷ, ಶುದ್ಧ ಮಾಡದ ಸಾರ, ಎರಡನ್ನೂ ಒಟ್ಟಿಗೆ ಹಾಕಿ ಏನು ಕಂಡುಹಿಡಿಯುತ್ತೀಯ ಅಂತ ನಮ್ಮ ಹಿರಿಯರೆಲ್ಲ ನಕ್ಕಿದ್ದರು. ಕಿಣ್ವ ಶುದ್ಧ ಮಾಡಿಕೋ, ಇಲ್ಲ ಕ್ರೋಮೋಜೆನಿಕ್ ಸಬ್‌ಸ್ಟ್ರೇಟ್ (ಕಿಣ್ವ ಕತ್ತರಿಸಿದಾಗ ಬಣ್ಣ ಬಿಡುವ ರಾಸಾಯನಿಕ) ತರಿಸಿಕೋ, ಆಮೇಲೆ ಮಾತಾಡು ಎನ್ನುವುದು ಅವರ ವಾದ. ಈಗ ಅದೇ ಹಿರಿಯರ ವಿದ್ಯಾರ್ಥಿಗಳು ನನ್ನ ಬೆಂಚಿನ ಹತ್ತಿರ ನೋಟ್‌ಬುಕ್ ಹಿಡಿದು ನಿಲ್ಲುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಬ್‌ಸ್ಟ್ರೇಟಿಗೆ ದುಡ್ಡಿರಲಿಲ್ಲ, ಅದೇ ನಿಜವಾದ ಕಾರಣ. ಫ್ಯಾಕ್ಟರ್ ಹತ್ತರ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಒಂದು) ಒಂದು ಪುಟ್ಟ ಸೀಸೆಗೆ ಕೊಡುವ ಹಣದಲ್ಲಿ ಎರಡು ಬಗೆಯ ಮಂಡಲದ ವಿಷ ಬರುತ್ತಿತ್ತು. ವಿಷ ದುಬಾರಿ ಅಂತ ಎಲ್ಲರೂ ಗೋಳಾಡುತ್ತಾರೆ, ಆದರೆ ಲೆಕ್ಕ ಹಾಕಿ ನೋಡಿ. ಒಂದು ಟ್ಯೂಬಿಗೆ ಬೇಕಾದದ್ದು ನ್ಯಾನೋಗ್ರಾಂ ಲೆಕ್ಕದಲ್ಲಿ. ಕೆಲವೇ ಮಿಲಿಗ್ರಾಂ ವಿಷ ಅರ್ಧ ಗ್ಲಿಸರಾಲಿನಲ್ಲಿ ಕರಗಿ ಮೈನಸ್ 20ರಲ್ಲಿ ಕೂತರೆ ವರ್ಷಗಟ್ಟಲೆ ಸಾಕು. ಹಣ ತಿನ್ನುವುದು ಪ್ಲಾಸ್ಮಾ. ನಾಲ್ಕಾರು ಜನರದ್ದು ಸೇರಿಸಿದ ಒಂದೇ ಪೂಲ್ ಬೇಕು, ಎರಡು ಸಲ ಸೆಂಟ್ರಿಫ್ಯೂಜ್ ಆಗಬೇಕು, ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ಕ್ಕೆ ಹೋಗಬೇಕು. ಕರಗಿಸುವಾಗ ನೇರ 37 ಡಿಗ್ರಿ ನೀರಿಗೇ ಇಳಿಸಿ. ಐಸಿನ ಮೇಲೆ ನಿಧಾನಕ್ಕೆ ಕರಗಲು ಬಿಟ್ಟರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಹೆಪ್ಪಿನ ಎಳೆಯಾಗಬೇಕಾದ ನಿಮ್ಮ ಫೈಬ್ರಿನೋಜನ್ನಿನ ದೊಡ್ಡ ಪಾಲು ಅದರಲ್ಲೇ ಹೋಯಿತು ಅಂತ ಲೆಕ್ಕ.

ನನ್ನ ಪದ್ಧತಿಯ ಜೀವಾಳ ಎರಡು ವಿಷಗಳ ಜೋಡಿ. ಕೊಳಕುಮಂಡಲದ ವಿಷ ಫ್ಯಾಕ್ಟರ್ ಹತ್ತನ್ನೂ ಐದನ್ನೂ ಎಬ್ಬಿಸುತ್ತದೆ, ಆದರೆ ಕ್ಯಾಲ್ಸಿಯಂ ಇಲ್ಲದೆ ಮುಂದಕ್ಕೆ ಅಲ್ಲಾಡುವುದಿಲ್ಲ. ಗರಗಸಮಂಡಲದ ವಿಷದಲ್ಲಿರುವ ಇಕಾರಿನ್ ಎಂಬ ಕಿಣ್ವ ನೇರ ಪ್ರೊಥ್ರಾಂಬಿನ್ನಿಗೇ (ಹೆಪ್ಪು ಕಟ್ಟಿಸುವ ಥ್ರಾಂಬಿನ್ನಿನ ಹಿಂದಿನ ರೂಪ) ಕೈ ಹಾಕುತ್ತದೆ. ಕ್ಯಾಲ್ಸಿಯಂ ಇದ್ದರೆ ಆ ವಿಷ ಇನ್ನೂ ಚುರುಕು, ಆದರೆ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕಿದ ಸಿಟ್ರೇಟ್ ಪ್ಲಾಸ್ಮಾದಲ್ಲೂ ಹೆಪ್ಪು ಕಟ್ಟಿಯೇ ಕಟ್ಟುತ್ತದೆ. ಈ ಒಂದು ವ್ಯತ್ಯಾಸ ಇಟ್ಟುಕೊಂಡು ಅರ್ಧ ಸುಳ್ಳನ್ನು ಬಯಲು ಮಾಡಬಹುದು. ಗಿಡಗಳಲ್ಲಿ ಆಕ್ಸಲೇಟ್ ಧಾರಾಳ. ಅದು ಕ್ಯಾಲ್ಸಿಯಮ್ಮನ್ನು ಕಚ್ಚಿಕೊಂಡರೆ ಕೊಳಕುಮಂಡಲದ ಸಮಯ ಮೂವತ್ತು ಸೆಕೆಂಡಿನಿಂದ ಎರಡು ನಿಮಿಷಕ್ಕೆ ಜಿಗಿಯುತ್ತದೆ, ಗರಗಸಮಂಡಲದ ಸಮಯ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಅಂಥ ಸಾರಕ್ಕೆ ಕ್ಯಾಲ್ಸಿಯಂ ಸ್ವಲ್ಪ ಏರಿಸಿ ನೋಡಿ, "ಔಷಧೀಯ ಗುಣ" ಮಾಯ. ಸ್ವಲ್ಪವೇ ಏರಿಸಿ, ಕ್ಯಾಲ್ಸಿಯಂ ಅತಿಯಾದರೂ ಹೆಪ್ಪು ತಡವಾಗುತ್ತದೆ. ನಾನು 25 ಮಿಲಿಮೋಲಾರಿನಿಂದ ಸಣ್ಣ ಮೆಟ್ಟಿಲು ಹತ್ತಿಸುತ್ತೇನೆ. ಎಷ್ಟೆಷ್ಟು ಅನ್ನುವುದನ್ನು ನಿಮ್ಮ ಪ್ಲಾಸ್ಮಾವೇ ಹೇಳಬೇಕು.

ಗಿಡದ ಒಗರಿನ ವಸ್ತು ಟ್ಯಾನಿನ್ ಅಂತೂ ಬೇರೆಯೇ ಪೀಡೆ. ಕಂದು ಸಾರವನ್ನು ಪ್ಲೇಟ್ ರೀಡರಿಗೆ (ದ್ರವ ಎಷ್ಟು ಮಬ್ಬಾಯಿತು ಎಂದು ಬೆಳಕಿನಿಂದ ಅಳೆಯುವ ಯಂತ್ರ) ಹಾಕಿದೆ, 405 ನ್ಯಾನೋಮೀಟರಿನಲ್ಲಿ ರೇಖೆ ಸೊನ್ನೆ ಸೆಕೆಂಡಿನಲ್ಲೇ ಮೇಲೆ ಹಾರಿತು. ಯಂತ್ರದ ಪ್ರಕಾರ ಹೆಪ್ಪು ಕಟ್ಟಿಯಾಗಿದೆ. ಅದೇ ಮಿಶ್ರಣವನ್ನು ಗಾಜಿನ ಟ್ಯೂಬಿನಲ್ಲಿ ಓರೆ ಮಾಡಿ ನೋಡಿದರೆ ನೀರಿನಂತೆ ಹರಿಯುತ್ತಿದೆ, ಒಳಗೆ ಮಾತ್ರ ಒಡೆದ ಹಾಲಿನ ಚೂರುಗಳ ಹಾಗೆ ಬಿಳಿ ಕಣ ತೇಲುತ್ತಿವೆ. ಟ್ಯಾನಿನ್ ಪ್ಲಾಸ್ಮಾದ ಪ್ರೋಟೀನನ್ನೇ ಇಳಿಸಿಬಿಟ್ಟಿದೆ! ಇನ್ನು ವಿಷದ ಜೊತೆ ಮೊದಲೇ ಅರ್ಧ ಗಂಟೆ ಕೂರಿಸಿದರೆ ವಿಷದ ಪ್ರೋಟೀನೂ ಅದೇ ದಾರಿ ಹಿಡಿಯುತ್ತದೆ. ಆಗ "ನೂರಕ್ಕೆ ನೂರು ತಡೆ" ಎಂದು ಬರೆದುಕೊಳ್ಳಬಹುದು, ಬೇಕಿದ್ದರೆ. ಟ್ಯಾನಿನ್ ಹೀರಿಕೊಳ್ಳುವ ಪಾಲಿವಿನೈಲ್ ಪಾಲಿಪಿರೋಲಿಡೋನ್ ಪುಡಿ ಹಾಕಿ ಅಲ್ಲಾಡಿಸಿ ತೆಗೆದ ಮೇಲೆ ನನ್ನ ಹತ್ತಾರು ಸಾರಗಳಲ್ಲಿ ಮುಕ್ಕಾಲು ಪಾಲು ಸತ್ತೇಹೋದವು. ಪುಡಿಯ ಪ್ರಮಾಣ, ಎಷ್ಟು ಸಲ ತೊಳೆಯಬೇಕು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದರಲ್ಲೇ ಒಂದು ಚಳಿಗಾಲ ಕಳೆದಿದ್ದೇನೆ, ಅಷ್ಟು ಸುಲಭಕ್ಕೆ ಬಿಟ್ಟುಕೊಡಲು ಮನಸ್ಸಿಲ್ಲ.

ಮೊದಲೇ ಬೆರೆಸಿಡುವ ಚಾಳಿಯ ಬಗ್ಗೆ ಎರಡು ಮಾತು. ಕಚ್ಚಿಸಿಕೊಂಡವನ ಮೈಯಲ್ಲಿ ವಿಷ ಮೊದಲು ಹೋಗುತ್ತದೆ, ಮದ್ದು ಆಮೇಲೆ. ಟ್ಯೂಬಿನಲ್ಲೂ ಹಾಗೇ ಮಾಡಿ ತೋರಿಸು ಅಂದರೆ ಎಲ್ಲರಿಗೂ ಕಷ್ಟ, ಏಕೆಂದರೆ ಮಂಡಲದ ವಿಷ ಬಿದ್ದ ಕೆಲವೇ ಸೆಕೆಂಡುಗಳಲ್ಲಿ ಪ್ಲಾಸ್ಮಾ ಗಟ್ಟಿ. ನಾನು ವಿಷವನ್ನು ತೀರಾ ತೆಳು ಮಾಡಿದೆ. ಗರಗಸಮಂಡಲಕ್ಕೆ ಸಿಟ್ರೇಟ್ ಪ್ಲಾಸ್ಮಾದಲ್ಲಿ ನಾಲ್ಕು ನಿಮಿಷದವರೆಗೂ ಎಳೆಯಬಹುದು, ಅಲ್ಲಿ ಕ್ಯಾಲ್ಸಿಯಂ ಇಲ್ಲದ ಕಾರಣ ತಾನಾಗಿ ಹೆಪ್ಪು ಕಟ್ಟುವ ಭಯವಿಲ್ಲ. ಅರ್ಧ ನಿಮಿಷಕ್ಕೆ ಸಾರ ಹಾಕಿದರೂ ಪರಿಣಾಮ ನೋಡಲು ಪುರುಸೊತ್ತು ಸಿಗುತ್ತದೆ. ಕೊಳಕುಮಂಡಲಕ್ಕೆ ಇದು ಒಗ್ಗುವುದಿಲ್ಲ. ಕ್ಯಾಲ್ಸಿಯಂ ಹಾಕಿದ ಪ್ಲಾಸ್ಮಾ, ಅದೂ ಗಾಜಿನಲ್ಲಿ, ವಿಷವಿಲ್ಲದೆಯೇ ಕೆಲ ನಿಮಿಷಕ್ಕೆ ಕಟ್ಟಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಬದಲಾಯಿಸಿ ಒಂದೂವರೆ ನಿಮಿಷದ ಆಚೆ ಹೋಗದಂತೆ ನಿಲ್ಲಿಸಿಕೊಂಡೆ. ಇಷ್ಟು ತೆಳು ವಿಷ ಟ್ಯೂಬಿನ ಗೋಡೆಗೇ ಅಂಟಿ ಹೋಗುತ್ತದೆ, ಬಫರಿನಲ್ಲಿ ಆಲ್ಬುಮಿನ್ 0.1 ಶೇಕಡಾ ಇರಲೇಬೇಕು. ನಾನಂತೂ ಟಿಪ್ಪನ್ನೂ ಅದರಲ್ಲೇ ಒಮ್ಮೆ ಮುಳುಗಿಸಿ ತೆಗೆಯುತ್ತೇನೆ.

ನಡುವೆ ಬೇಡದ ಕಡೆಗೂ ಹೋಗಿ ಬಂದೆ. ಎಕ್ಕದ ಹಾಲು ಹಾಕಿದರೆ ವಿಷವಿಲ್ಲದೆಯೇ ಸಿಟ್ರೇಟ್ ಪ್ಲಾಸ್ಮಾ ಹೆಪ್ಪುಗಟ್ಟುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಅದೇ ಹೆಪ್ಪನ್ನು ಅದೇ ಹಾಲು ಕರಗಿಸುತ್ತದೆ. ಅಯೋಡೋ ಅಸಿಟಿಕ್ ಆಮ್ಲ ಹಾಕಿದರೆ ಎರಡೂ ಆಟ ನಿಲ್ಲುತ್ತದೆ, ಅಂದರೆ ಅದು ಸಿಸ್ಟೀನ್ ಪ್ರೋಟಿಯೇಸುಗಳ (ಪ್ರೋಟೀನ್ ಕತ್ತರಿಸುವ ಒಂದು ಬಗೆಯ ಕಿಣ್ವಗಳು) ಕೆಲಸ. ಒಂದಿಡೀ ವಾರ ಅದನ್ನೇ ನೋಡುತ್ತಾ ಕೂತಿದ್ದೆ. ನಾಗರಹಾವಿನ ವಿಷವನ್ನೂ ಬಿಡಲಿಲ್ಲ. ಅದು ಮಂಡಲಕ್ಕೆ ತದ್ವಿರುದ್ಧ, ಹೆಪ್ಪನ್ನು ತಡ ಮಾಡುತ್ತದೆ. ಹೆಪ್ಪಿಗೆ ಬೇಕಾದ ಕೊಬ್ಬು ಫಾಸ್ಫೋಲಿಪಿಡ್ ಹೆಚ್ಚು ಸುರಿದಂತೆ ಆ ತಡ ಕಡಿಮೆಯಾಯಿತು. ಇನ್ನು, ಗಿಡದ ಕೂಮರಿನ್ ತಂದು ಪ್ಲಾಸ್ಮಾಕ್ಕೆ ಹಾಕಿ "ಏನೂ ಆಗಲಿಲ್ಲ" ಎನ್ನುವವರು ಈಗಲೂ ಸಿಗುತ್ತಾರೆ. ಹೆಪ್ಪು ತಡೆಯುವ ಡೈಕೂಮರಾಲ್, ವಾರ್ಫರಿನ್ ಜಾತಿಯವು ಕೆಲಸ ಮಾಡುವುದು ಯಕೃತ್ತಿನಲ್ಲಿ, ವಿಟಮಿನ್ ಕೆ ಚಕ್ರದ ಮೇಲೆ. ತಯಾರಾಗಿ ಬಂದ ಫ್ಯಾಕ್ಟರುಗಳ ಮೇಲೆ ಟ್ಯೂಬಿನಲ್ಲಿ ಏನೂ ಆಗುವುದಿಲ್ಲ, ಆಗಲೂಬಾರದು.

ನಕ್ಕವರ ಬಾಯಿ ಮುಚ್ಚಿಸಿದ್ದು ಗುಟ್ಟಿನ ಟ್ಯೂಬುಗಳು. ಬರೀ ನಂಬರು ಬರೆದ ಅರ್ಧ ಡಜನ್ ಟ್ಯೂಬುಗಳನ್ನು ಒಬ್ಬ ಹಿರಿಯರು ತಂದಿಟ್ಟು, ಇವೇನು ಹೇಳಿ ನೋಡೋಣ ಅಂದರು. ಒಂದಕ್ಕೆ ಕೊಳಕುಮಂಡಲ ಮಾತ್ರ ತಡ, ಕ್ಯಾಲ್ಸಿಯಂ ಕೊಟ್ಟರೆ ಸರಿ: ಆಕ್ಸಲೇಟ್. ಇನ್ನೊಂದು ಹಾಗೇ ಇದ್ದರೂ, ಗರಗಸಮಂಡಲದ ವಿಷದ ಜೊತೆ ಹೊತ್ತು ಕೂರಿಸಿದರೆ ಅದನ್ನೂ ಮಂಕು ಮಾಡುತ್ತಿತ್ತು, ಕಿಣ್ವದ ಸತುವನ್ನೂ ಕೀಳುವಂಥದ್ದು: ಇಡಿಟಿಎ. ಮತ್ತೊಂದರಲ್ಲಿ ಥ್ರಾಂಬಿನ್ ಸಮಯ (ನೇರ ಥ್ರಾಂಬಿನ್ ಹಾಕಿದಾಗ ಹೆಪ್ಪಿಗೆ ಹಿಡಿಯುವ ಹೊತ್ತು) ತಡ, ಕೊಳಕುಮಂಡಲ ತಡ, ಗರಗಸಮಂಡಲ ಅಷ್ಟಾಗಿ ಕೇರ್ ಮಾಡಲಿಲ್ಲ: ಹೆಪಾರಿನ್. ಇಕಾರಿನ್ ಹುಟ್ಟಿಸುವ ಅರೆಬರೆ ಥ್ರಾಂಬಿನ್, ಅಂದರೆ ಮೆಯಿಜೊಥ್ರಾಂಬಿನ್, ಹೆಪಾರಿನ್ನಿಗೆ ಸುಲಭಕ್ಕೆ ಬಗ್ಗುವುದಿಲ್ಲ. ನಾಲ್ಕನೆಯದರಲ್ಲಿ ಎರಡೂ ವಿಷ ತಡ, ಥ್ರಾಂಬಿನ್ ತಡ, ರೆಪ್ಟಿಲೇಸ್ (ನೇರ ಫೈಬ್ರಿನೋಜನ್ನನ್ನೇ ಕತ್ತರಿಸುವ ಹಾವಿನ ಕಿಣ್ವ) ಸಮಯ ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ: ಜಿಗಣೆಯ ಹಿರುಡಿನ್. ಉಳಿದೆರಡು ಟ್ಯಾನಿಕ್ ಆಮ್ಲ ಮತ್ತು ಬರೀ ಬಫರ್, ಅದಕ್ಕೆ ಕಣ್ಣೇ ಸಾಕಿತ್ತು. ಎಲ್ಲವೂ ಸರಿ ಬಂದವು. ಸಬ್‌ಸ್ಟ್ರೇಟ್ ಒಂದು ಹನಿಯೂ ಖರ್ಚಾಗಲಿಲ್ಲ. ಅವರು ಏನೂ ಅನ್ನಲಿಲ್ಲ, ಮುಂದಿನ ಸಲ ಪ್ಲಾಸ್ಮಾ ಪೂಲ್ ಮಾಡುವಾಗ ತಮಗೂ ಒಂದು ಪಾಲು ಎತ್ತಿಡು ಅಂದರು, ಅಷ್ಟೇ.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ನನ್ನ ಸಾರಗಳಲ್ಲಿ ಉಳಿದದ್ದು ಎರಡು. ಅವುಗಳಲ್ಲಿ ಒಂದಕ್ಕೆ ಚೂರು ಸತು ಸೇರಿಸಿದ ಕೂಡಲೇ ಶಕ್ತಿ ಹೋಯಿತು, ಅದೂ ಇಡಿಟಿಎಯ ತಮ್ಮನೇ. ಈ ಸತುವಿನ ಪರೀಕ್ಷೆ ಮಾಡುವವರು ಮೈಕ್ರೋಮೋಲಾರ್ ಮಟ್ಟದಲ್ಲೇ ಇರಿ, ಸತು ಹೆಚ್ಚಾದರೂ ಸತುವನ್ನೇ ನೆಚ್ಚಿದ ಇದೇ ವಿಷದ ಕಿಣ್ವಗಳು (ಮೆಟಲೋಪ್ರೋಟಿಯೇಸುಗಳು) ಮಂಕಾಗುತ್ತವೆ. ಇನ್ನೊಂದು ಮಾತ್ರ ವಿಷ ಮೊದಲು ಬಿದ್ದ ಮೇಲೂ ಗರಗಸಮಂಡಲದ ಸಮಯವನ್ನು ಸುಮಾರು ಎರಡು ಪಟ್ಟು ಎಳೆಯುತ್ತದೆ. ಥ್ರಾಂಬಿನ್, ರೆಪ್ಟಿಲೇಸ್ ಎರಡಕ್ಕೂ ಅಡ್ಡ ಬರುವುದಿಲ್ಲ, ಜೆಲ್ಲಿನಲ್ಲಿ ಫೈಬ್ರಿನೋಜನ್ನಿನ ಮೂರು ಪಟ್ಟಿಯೂ ಪೂರ್ತಿ ಇವೆ, ಅಂಟಿಕೊಂಡ ಅಣುಗುಂಪುಗಳನ್ನು ಬಿಡಿಸುವ ಸೋಪು ಟ್ರೈಟಾನ್ 0.01 ಶೇಕಡಾ ಹಾಕಿದರೂ ಶಕ್ತಿ ಕಳೆದುಕೊಳ್ಳಲಿಲ್ಲ. ಗಿಡದ ಹೆಸರು ಕೇಳಬೇಡಿ. ಕಾಲಮ್ಮಿನಿಂದ ಇಳಿದ ಮೂರನೆಯ ಭಾಗದಲ್ಲಿ ಅದು ಕೂತಿದೆ ಎಂದಷ್ಟೇ ಹೇಳಬಲ್ಲೆ, ಮಾಸ್ ಸ್ಪೆಕ್ಟ್ರೋಮೀಟರಿಗೆ ಸರದಿ ಹಚ್ಚಿದ್ದೇನೆ.